ಕಿಟ್ಟಣ್ಣನ ಹದಿಮೂರು ಸೆಕೆಂಡು

ಕಿಟ್ಟಣ್ಣ ಮಾತಿನ ನಡುವೆ ನಿಂತುಬಿಡುತ್ತಾರೆ. ಯೋಚನೆಗಾಗಿ ಅಲ್ಲ, ಪದ ಮರೆತೂ ಅಲ್ಲ. “ಆ ಹುಡುಗನ ಮಾವ ಮೈಕು ಹಿಡಿದು...” ಎನ್ನುವಲ್ಲಿಗೆ ಬಾಯಿ ಮುಚ್ಚಿ, ಕಣ್ಣನ್ನು ಕಿಟಕಿಯತ್ತ ಹಾಯಿಸಿ, ಸ್ವಲ್ಪ ಹೊತ್ತಿನ ಮೇಲೆ “ಸೀನಿಬಿಟ್ರು” ಎಂದು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಪ್ರಯೋಗಾಲಯದ ಹಳೆಯ ಅಭ್ಯಾಸ ಬಿಡದೆ ನಾನೊಮ್ಮೆ ಗಡಿಯಾರ ನೋಡಿ ಎಣಿಸಿದೆ: ಹದಿಮೂರು ಸೆಕೆಂಡು. ಇನ್ನೊಮ್ಮೆ ಹನ್ನೆರಡು. ಆಮೇಲೆ ಮತ್ತೆ ಹದಿಮೂರು.

ಸಾನಪಾಡಾದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ಮನೆ. ಮದುವೆ, ಮುಂಜಿ, ಸಂಘದ ವಾರ್ಷಿಕೋತ್ಸವಗಳ ವಿಡಿಯೋಗಳಿಂದ ಬೇಡದ ಸದ್ದನ್ನು ತೆಗೆಯುವುದು ಅವರ ಕಸುಬು. ಜನರೇಟರಿನ ಗುಂಯ್‌ಗಾಟ, ಫ್ಯಾನಿನ ಗಾಳಿ, ಅಡುಗೆಯವರ ಪಾತ್ರೆ, ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸುತ್ತಾರೆ. ಸದ್ದನ್ನು ತಾವೂ ಮಾಡುವುದಿಲ್ಲ. ಬೀಗದಕೈ ಗೊಂಚಲನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗಿಡುತ್ತಾರೆ. ಮೆಟ್ಟಿಲು ಹತ್ತಿದರೆ ಬೆಕ್ಕು ಹತ್ತಿದಂತೆ. ಇನ್ನೊಂದು ಹಟವಿದೆ: ಮೂಲ ಪ್ರತಿಯನ್ನು ಎಂದೂ ಮುಟ್ಟುವುದಿಲ್ಲ, ನಕಲು ಮಾಡಿಕೊಂಡು ನಕಲನ್ನೇ ತೊಳೆಯುತ್ತಾರೆ.

ತಾವೇ ಚಿತ್ರೀಕರಣಕ್ಕೆ ಹೋದರೆ, ಕಾರ್ಯಕ್ರಮಕ್ಕೆ ಮೊದಲು ಅರ್ಧ ನಿಮಿಷ ಎಲ್ಲರೂ ಸುಮ್ಮನಿರಬೇಕೆಂದು ಕೇಳುತ್ತಾರೆ. ಮಾತಿಲ್ಲದ ಬರಿಯ ಹಿನ್ನೆಲೆ ಸದ್ದಿನ ಮಾದರಿ ಸಿಕ್ಕಿದರೆ ಕಂಪ್ಯೂಟರು ಅದನ್ನು ಗುರುತಿಟ್ಟುಕೊಂಡು ಉಳಿದ ಕಡೆಯೆಲ್ಲ ಕಳೆಯುತ್ತದೆ. ವಿವರಣೆ ಸರಳವೇ, ಆದರೆ ನಮ್ಮ ಜನಕ್ಕೆ ಅರ್ಧ ನಿಮಿಷದ ಮೌನವೆಂದರೆ ಒಂದೇ ಅರ್ಥ. ಕಲ್ಯಾಣದ ಒಂದು ಮುಂಜಿಯಲ್ಲಿ ಪುರೋಹಿತರು ಗಾಬರಿಯಿಂದ ಎದ್ದುನಿಂತು ಕೈಮುಗಿದು, “ಯಾರು ಹೋದದ್ದು ಮಾರಾಯ್ರೆ?” ಎಂದು ಪಿಸುಗುಟ್ಟಿದರಂತೆ. ಆ ಪಿಸುಮಾತೂ ಮಾದರಿಯೊಳಗೆ ಸೇರಿಹೋಯಿತು.

ನನ್ನ ಪರಿಚಯದ ಜಯಲತಾ ಅವರನ್ನು ಕಿಟ್ಟಣ್ಣನ ಬಳಿಗೆ ಕರೆದೊಯ್ದದ್ದು ನಾನೇ. ಅವರ ಕೈಯಲ್ಲಿ ಇಪ್ಪತ್ತಾರು ವರ್ಷ ಹಳೆಯ ಕ್ಯಾಸೆಟ್ಟಿತ್ತು: ಠಾಕುರ್ಲಿಯ ವಠಾರದಂಥ ಚಾಳಿನ ಮನೆಯಲ್ಲಿ ನಡೆದ ಅವರದೇ ಸೀಮಂತ, ಅದರಲ್ಲಿ ಅವರ ತಾಯಿ ವಾರಿಜಕ್ಕ ಹೇಳಿದ ಆರತಿಯ ಹಾಡು. ವಾರಿಜಕ್ಕ ಈಗಿಲ್ಲ, ಚಾಳೂ ಇಲ್ಲ. ಆ ಹಾಡು ಎರಡು ಸಾಲಿನಾಚೆಗೆ ಜಯಲತಾ ಅವರಿಗೂ ಬಾರದು. ಅಂದು ಹೊಟ್ಟೆಯಲ್ಲಿದ್ದ ಮಗಳು ಅಪೇಕ್ಷಾಳಿಗೆ ಈಗ ಸೀಮಂತ. ಅಜ್ಜಿಯ ದನಿಯಲ್ಲೇ ಆರತಿಯಾಗಬೇಕೆಂದು ಜಯಲತಾ ಅವರ ಆಸೆ. ವಾರಿಜಕ್ಕನ ದನಿ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಕಿಟ್ಟಣ್ಣ ನಾಲ್ಕು ದಿನ ಕೂತರು. ಟೇಪಿನ ಸುಯ್‌ಗುಟ್ಟುವಿಕೆ ಹೋಯಿತು, ಫ್ಯಾನು ಹೋಯಿತು, ಕಿಟಕಿಯಾಚೆ ಮತ್ತೆ ಮತ್ತೆ ಹಾಯುವ ಲೋಕಲ್ ರೈಲೂ ಹೋಯಿತು. ರೈಲು ಹೋದ ಜಾಗಗಳಲ್ಲಿ ಉಳಿದ ಖಾಲಿಯನ್ನು ಕತ್ತರಿಸಿ, ಸಾಲಿಗೆ ಸಾಲು ಜೋಡಿಸಿದರು. ಹಾಡು ಗಾಜಿನಂತೆ ತಿಳಿಯಾಗಿತ್ತು.

ಜಯಲತಾ ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದರು. ತೆಗೆದು ಮಡಿಲಲ್ಲಿಟ್ಟುಕೊಂಡರು.

“ಸ್ವರ ಅಮ್ಮನದ್ದೇ ಕಿಟ್ಟಣ್ಣ. ಆದ್ರೆ ಅಮ್ಮ ಇಲ್ಲ ಇದ್ರಲ್ಲಿ.”

ಕಿಟ್ಟಣ್ಣ ಪರದೆಯ ಮೇಲಿನ ಗೆರೆಗಳನ್ನು ತೋರಿಸಿ, ದನಿಯ ಒಂದು ಎಳೆಯೂ ಕಳೆದಿಲ್ಲವೆಂದು ಸಮಾಧಾನದಿಂದಲೇ ವಿವರಿಸತೊಡಗಿದರು. “ನಾನು ತೆಗೆದದ್ದು ಬರೀ...” ಎಂದು ನಿಂತರು. ಕಣ್ಣು ಕಿಟಕಿಗೆ ಹೋಯಿತು. ಜಯಲತಾ ಕಿಟ್ಟಣ್ಣನನ್ನೇ ನೋಡುತ್ತಿದ್ದರು.

“ನೀವೂ ಹಳಿ ಬದಿಯವ್ರಾ?”

ಡೊಂಬಿವಲಿ, ಎಂದರು ಕಿಟ್ಟಣ್ಣ. ಹಳಿಗೆ ತಾಗಿದ ಚಾಳು, ಹುಟ್ಟಿದ್ದು ಬೆಳೆದದ್ದು ಅಲ್ಲಿಯೇ. ಯಾಕೆ?

“ಗಾಡಿ ಬಂದ್ರೆ ಅಮ್ಮ ನಿಲ್ಲಿಸ್ತಿದ್ರು, ಈಗ ನೀವು ನಿಲ್ಲಿಸಿದ ಹಾಗೇ. ಗಾಡಿ ಹೋಗೋವರೆಗೆ ನಮ್ಮ ಮುಖ ನೋಡ್ಕೊಂಡು ನಿಲ್ಲೋದು, ಆಮೇಲೆ ಹಾಡೋದು. ನೀವು ಆ ನೋಡೋದನ್ನೇ ಕತ್ತರಿಸಿಬಿಟ್ಟಿದ್ದೀರಿ ಮಾರಾಯ್ರೆ.”

ತಾವು ಮಾತಿನ ನಡುವೆ ನಿಲ್ಲುತ್ತೇವೆಂಬುದು ಕಿಟ್ಟಣ್ಣನಿಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಹೌದೇ ಎಂಬಂತೆ ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದೆ. ಹನ್ನೆರಡು ಡಬ್ಬಿಯ ಫಾಸ್ಟ್ ಗಾಡಿ ಒಂದು ಕಿಟಕಿಯನ್ನು ದಾಟಲು ಎಷ್ಟು ಹೊತ್ತು ಬೇಕೆಂದು ಆಮೇಲೆ ಮನೆಯಲ್ಲಿ ಲೆಕ್ಕ ಹಾಕಿದೆ. ಹದಿಮೂರು ಸೆಕೆಂಡಿನ ಆಸುಪಾಸು. ಅವರ ಈಗಿನ ಮನೆಗೆ ರೈಲಿನ ಸದ್ದು ಕೇಳುವುದಿಲ್ಲ. ಆ ಚಾಳು ಬಿಟ್ಟು ಹತ್ತೊಂಬತ್ತು ವರ್ಷವಾಯಿತು.

ಮೂಲ ಪ್ರತಿ ಮುಟ್ಟದ ಹಟ ಅಂದು ಕಾಪಾಡಿತು. ಕಿಟ್ಟಣ್ಣ ಮತ್ತೆ ಮೊದಲಿನಿಂದ ತೊಡಗಿದರು. ಈ ಸಲ ಟೇಪಿನ ಸುಯ್‌ಗುಟ್ಟುವಿಕೆಯನ್ನೂ ಫ್ಯಾನನ್ನೂ ಮಾತ್ರ ತೆಗೆದರು.

ಬೇಲಾಪುರದ ಸಭಾಂಗಣದಲ್ಲಿ ಅಪೇಕ್ಷಾ ಹಸಿರು ಸೀರೆಯುಟ್ಟು ಕೂತಿದ್ದಳು. ವಾರಿಜಕ್ಕನ ದನಿ ಎದ್ದಿತು. ಐವರು ಹೆಂಗಸರು ತಟ್ಟೆ ಎತ್ತಿದರು. ಮೂರನೆಯ ಸಾಲಿನ ನಡುವೆ ಹಾಡು ನಿಂತು ರೈಲು ನುಗ್ಗಿತು. ಹೊಸಬರು ಸ್ಪೀಕರು ಕೆಟ್ಟಿತೆಂದು ಹಿಂದೆ ತಿರುಗಿದರು. ಆದರೆ ಜಯಲತಾ ಮತ್ತು ಚಾಳಿನ ಹಳೆಯ ಇಬ್ಬರು ಹೆಂಗಸರು ಆರತಿಯನ್ನು ಇದ್ದಲ್ಲೇ ಹಿಡಿದು ನಿಂತರು, ಯಾರೂ ಹೇಳದೆ. ದೀಪ ಅಲುಗಲಿಲ್ಲ. ಅಪೇಕ್ಷಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಪಕ್ಕದವಳು ಏನೋ ಕೇಳಹೋದಾಗ ಅವಳ ಕೈಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: “ರುಕ್ ನಾ, ಟ್ರೇನ್ ಜಾನೇ ದೇ.” ತಾಳು, ರೈಲು ಹೋಗಲಿ ಎಂದು.

ರೈಲು ಹೋಯಿತು. ವಾರಿಜಕ್ಕ ಬಿಟ್ಟಲ್ಲಿಂದ ಎತ್ತಿಕೊಂಡರು.

ಗೋಡೆಗೊರಗಿ ನಿಂತಿದ್ದ ಕಿಟ್ಟಣ್ಣ ನನ್ನ ಕಡೆ ಬಾಗಿ, “ನಮ್ಮಮ್ಮನೂ ಹೀಗೇ...” ಎಂದು ನಿಲ್ಲಿಸಿದರು. ನಾನು ಗಡಿಯಾರ ನೋಡಲಿಲ್ಲ. ಆ ವಾಕ್ಯ ಅಂದು ಮುಗಿಯಲೂ ಇಲ್ಲ. ಹಳಿಯ ಬದಿಯಲ್ಲಿ ಬೆಳೆದವರು ಮಾತನ್ನು ಅರ್ಧಕ್ಕೆ ಬಿಡುವವರಲ್ಲ. ಅದನ್ನು ಕೈಯಲ್ಲಿ ಹಿಡಿದು, ದಾಟಿ ಹೋಗುತ್ತಿರುವುದು ಪೂರ್ತಿ ದಾಟಲೆಂದು ಕಾಯುತ್ತಾರೆ. ಕೆಲವು ಗಾಡಿಗಳು ಉದ್ದವಿರುತ್ತವೆ, ಅಷ್ಟೆ.