ಮೊದಲು ಕೈ ಪಳಗಲಿ, ಆಮೇಲೆ ಕಾರು ಬರಲಿ

ಹುನಗುಂದದ ವ್ಯಾಸರಾಜ ಮಾಸ್ತರರು ದೀಪಾವಳಿಯಿಂದ ಕಾರು ನೋಡುತ್ತಿದ್ದರು. ಯುಗಾದಿ ಬಂದು ಹೋಯಿತು, ಕಾರು ಮಾತ್ರ ಮನೆ ಬಾಗಿಲಿಗೆ ಬರಲಿಲ್ಲ. ಒಂದು ಕಾರಿನ ಬಣ್ಣ ಅವರಿಗೆ ಸೇರಲಿಲ್ಲ. ಇನ್ನೊಂದರ ಗೇರು ಬಿಗಿ ಎಂದರು. ಮತ್ತೊಂದು ಚೊಕ್ಕಟವಾಗಿಯೇ ಇತ್ತು, ಡಿಕ್ಕಿ ಸಣ್ಣದು ಎಂದು ಬಿಟ್ಟು ಬಂದರು.

ಕಾರು ಬೇಕಾಗಿದ್ದು ಶೋಕಿಗಲ್ಲ. ಅವರ ಹೆಂಡತಿ ವರದಾಗೆ ಸೊಂಟದ ಕೀಲಿನ ಆಪರೇಶನ್ ಆಗಿತ್ತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು, ಆದರೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ತಪಾಸಣೆಗೆ ಬಾಗಲಕೋಟೆಗೆ ಹೋಗಬೇಕೆಂದರೆ ಬಾಡಿಗೆ ಗಾಡಿ ಹೇಳಬೇಕು. ಮದುವೆಯ ದಿನಗಳಲ್ಲಿ ಅದೂ ಸಿಗುತ್ತಿರಲಿಲ್ಲ. ತಪಾಸಣೆ ತಪ್ಪುತ್ತಿತ್ತು. ಬಾದಾಮಿಯಲ್ಲಿದ್ದ ಅಕ್ಕ ಲೀಲಾಬಾಯಿಯ ಮುಖ ನೋಡಿ ವರ್ಷವಾಗಿತ್ತು. ಅಕ್ಕತಂಗಿಯರ ಮಾತೆಲ್ಲ ಫೋನಿನಲ್ಲೇ.

"ನಿಮಗ ಕಾರು ಸೇರವಲ್ತೋ, ಓಡಸೂದ ಸೇರವಲ್ತೋ?" ಎಂದು ವರದಾ ಒಂದು ಸಂಜೆ ಕೇಳಿಯೇಬಿಟ್ಟರು.

"ಹಂಗಲ್ಲ. ಅವಸರ ಮಾಡಿದ್ರ ಹೆಂಗ? ನೋಡಿ ತಗೋಬೇಕಲ್ಲ," ಎಂದು ಮಾಸ್ತರರು ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು.

ಅವರಿಗೆ ಡ್ರೈವಿಂಗ್ ಗೊತ್ತಿರಲಿಲ್ಲ ಅಂತಲ್ಲ. ಹರೆಯದಲ್ಲಿ ಸೋದರಮಾವ ಕೃಷ್ಣಾಜಿಯವರ ಹಳೆಯ ಕಾರನ್ನು ಬನಶಂಕರಿ, ಪಟ್ಟದಕಲ್ಲು ಎಂದು ಬೇಕಾದಷ್ಟು ಓಡಿಸಿದ್ದರು. ಮಾವ ಆ ಕಾರು ಮಾರಿದರು. ಮಾಸ್ತರರಿಗೆ ಹುನಗುಂದದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು, ಮನೆಯಿಂದ ಶಾಲೆಗೆ ನಡೆದೇ ಹೋಗಬಹುದಿತ್ತು. ಹಾಗೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಆದರೆ ಆ ಹಳೆಯ ಸವಾರಿಗಳ ಕತೆಯನ್ನು ಶಿಕ್ಷಕರ ಕೋಣೆಯಲ್ಲಿ ಅವರು ಎಷ್ಟು ಸಲ ಹೇಳಿದ್ದರೆಂದರೆ, ಈಗ ರೂಢಿ ತಪ್ಪಿದೆ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಮಾಸ್ತರರು ಬಾಗಲಕೋಟೆಗೆ ಹೋದರು. ಹಳೆಯ ಕಾರು ಮಾರುವ ಒಂದು ಅಂಗಳದಲ್ಲಿ ಎತ್ತರದ ಬಿಳಿ ಗಾಡಿಯೊಂದು ಮಿರಮಿರ ಮಿಂಚುತ್ತ ನಿಂತಿತ್ತು. ಬೆಲೆ ಕೇಳಿದರೆ ಸಣ್ಣ ಕಾರಿನಷ್ಟೇ. ಮಾರುವವನು ಚಾವಿ ಮುಂದೆ ಹಿಡಿದ.

"ತಗೋರಿ ಸರ್. ಒಂದ ರೌಂಡ ಹೊಡ್ಕೊಂಡ ಬರ್ರಿ."

ಅಂಗಳದ ಮುಂದೆ ಚಹಾದಂಗಡಿ. ಕಟ್ಟೆಯ ತುಂಬ ಜನ. ಗಾಡಿ ಎಳೆದಾಡಿ ನಿಂತುಬಿಟ್ಟರೆ ಇಷ್ಟು ಜನ ನಗುತ್ತಾರೆ ಎಂದು ಮಾಸ್ತರರಿಗೆ ಅನಿಸಿತು.

"ಬ್ಯಾಡ ಬ್ಯಾಡ. ನೋಡಿದ್ರನ ತಿಳೀತದ, ಗಾಡಿ ಛಲೋ ಅದ," ಎಂದರು. ಮುಂಗಡ ಕೊಡುವುದೆಂದು ಕಿಸೆಗೂ ಕೈ ಹಾಕಿದರು. ಒಂದು ಮಾತು ಹೇಳಿಬಿಡೋಣ ಎಂದು ಮನೆಗೆ ಫೋನು ಮಾಡಿದರು.

ವರದಾ ಎಲ್ಲ ಕೇಳಿಸಿಕೊಂಡರು. "ರೊಕ್ಕಾ ಕೊಡಬ್ಯಾಡ್ರಿ. ಜೋಹರಾನ ಆಫೀಸು ಅಲ್ಲೇ ಅದ. ಆಕಿ ಬಂದು ನೋಡ್ಲಿ, ಆಮ್ಯಾಲೆ ಕೊಡೋರಂತ."

ಜೋಹರಾ ಅವರ ಎದುರು ಮನೆಯವಳು. ವಿಮಾ ಕಚೇರಿಯಲ್ಲಿ ಕೆಲಸ. ಅಪಘಾತವಾದ, ಸುಟ್ಟ, ನೀರಲ್ಲಿ ಮುಳುಗಿದ ಗಾಡಿಗಳನ್ನು ನೋಡಿ ವರದಿ ಬರೆಯುವುದೇ ಆಕೆಯ ಉದ್ಯೋಗ. ದಿನವೂ ತನ್ನ ಸಣ್ಣ ಕಾರಿನಲ್ಲಿ ಹುನಗುಂದದಿಂದ ಬಂದು ಹೋಗುತ್ತಿದ್ದಳು. ಊಟದ ಬಿಡುವಿನಲ್ಲಿ ಬಂದವಳು ಬಿಳಿ ಗಾಡಿಯ ಬಾಗಿಲು ತೆರೆದು ಮೂಗು ಒಳಗಿಟ್ಟಳು.

"ಸೆಂಟು ಯಾಕ ಇಷ್ಟ ಹೊಡದೀರಿ?" ಎಂದು ಮಾರುವವನನ್ನು ಕೇಳಿದಳು.

"ಹೊಸಾ ಗಿರಾಕಿ ಬರ್ತಾರಲ್ರಿ ಮೇಡಂ."

ಜೋಹರಾ ಸೀಟಿನ ಬೆಲ್ಟನ್ನು ಹಿಡಿದು ಎಳೆದಳು. ಎಲ್ಲರೂ ಎಳೆಯುವಷ್ಟಲ್ಲ, ಅದು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ. ಕೊನೆಯ ಗೇಣಿನಲ್ಲಿ ಕೆಮ್ಮಣ್ಣಿನ ಕಲೆ ಒಣಗಿ ಗಟ್ಟಿಯಾಗಿತ್ತು. ಕಾಲಡಿಯ ಹಾಸು ಎತ್ತಿದಳು, ಮೂಲೆಯಲ್ಲಿ ಸಣ್ಣ ಉಸುಕು. ಸೀಟಿನ ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು.

"ಸರ್, ಇದು ಹೊಳಿ ನೀರಾಗ ನಿಂತ ಗಾಡಿ," ಎಂದು ಮಾಸ್ತರರಿಗೆ ಮೆಲ್ಲಗೆ ಹೇಳಿದಳು. "ಹೊರಗ ಪಾಲಿಶ್ ಹೊಡದಾರ. ಒಳಗ ವೈರಿಗೆಲ್ಲಾ ನೀರ ಹೊಕ್ಕಿರ್ತೈತಿ. ಇವತ್ತ ಚಾಲೂ ಆಗ್ತೈತಿ, ನಾಳೆ ಹಾದ್ಯಾಗ ವರದಕ್ಕನ್ನ ಕೂಡಿಸ್ಕೊಂಡು ನಿಂತಬಿಡ್ತೈತಿ."

ಮಾರುವವನು ಏನೇನೋ ಸಮಜಾಯಿಷಿ ಹೇಳತೊಡಗಿದ. ಜೋಹರಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಾಸ್ತರರ ಕಡೆ ತಿರುಗಿ ಕೇಳಿದಳು, "ನೀವು ಓಡಿಸಿ ನೋಡಿದ್ರೇನ್ರಿ?"

ಮಾಸ್ತರರು ಚಹಾದಂಗಡಿಯ ಕಟ್ಟೆಯ ಕಡೆ ಒಮ್ಮೆ ನೋಡಿ, ಅಂಗಳದಿಂದ ಹೊರಗೆ ನಡೆದರು.

ಸಂಜೆ ಅವಳ ಕಾರಿನಲ್ಲೇ ಊರಿಗೆ ಹೊರಟರು. ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ ಮಾಸ್ತರರು ಕಪ್ಪು ಕೆಳಗಿಟ್ಟು ಹೇಳಿದರು, "ತಂಗೀ, ಖರೆ ಹೇಳ್ಲೇನು? ನನಗ ಓಡಸೂದ ಮರತಹೋಗೇದ. ಯಾವ ಕಾಲಾಗ ಕ್ಲಚ್ಚು ಅನ್ನೂದು ತಲ್ಯಾಗ ಅದ, ಕಾಲಿಗೆ ಗೊತ್ತಿಲ್ಲ. ಮಂದಿ ಮುಂದ ಹೆಂಗ ಓಡಿಸ್ಲಿ?"

ಜೋಹರಾ ನಗಲಿಲ್ಲ. "ಇದಕ್ಕ ನಾಚಕಿ ಯಾಕ್ರಿ ಸರ್? ಸೂಟಿ ಮುಗಿಸಿ ಬಂದ ಹುಡುಗ್ರಿಗೆ ನೀವು ಹಿಂದಿನ ಲೆಕ್ಕಾ ಮತ್ತೊಮ್ಮೆ ಮಾಡಸಂಗಿಲ್ಲೇನು? ನಿಮ್ಮ ಸೂಟಿ ಜರಾ ಉದ್ದ ಆಗೈತಿ, ಅಷ್ಟ. ಲೈಸೆನ್ಸ್ ಎಲ್ಲೈತ್ರಿ?"

"ಟ್ರಂಕಿನಾಗ ಅದ."

"ತಾರೀಕ ನೋಡ್ರಿ. ಅವಧಿ ಮುಗದ್ರ ಓಡಸಾಕ ಬರಂಗಿಲ್ಲ. ಓಡಿಸಿ ಏನರೆ ಹೆಚ್ಚು ಕಡಿಮಿ ಆತಂದ್ರ ವಿಮಾ ಕೈ ಹಿಡಿಯೂದು ಕಷ್ಟ. ಮೊದಲ ಲೈಸೆನ್ಸ್, ಆಮ್ಯಾಲೆ ಕೈ ಪಳಗಸೂದು. ಕಾರು ಎಲ್ಲಿ ಓಡಿಹೋಕ್ಕೈತಿ? ಅದನ್ನ ಕಡೀಕ ನೋಡೂಣು."

ಮನೆಗೆ ಬಂದು ಮಾಸ್ತರರು ವರದಾಗೂ ನಿಜ ಹೇಳಿದರು. ವರದಾ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಆನಿಸಿದರು.

"ಇಷ್ಟ ದಿನಾ ನಾ ಈ ನಾಕ ಗ್ವಾಡಿ ನೋಡಕೋತ ಕೂತೀನಿ," ಎಂದರು. "ನೀವು ಬಣ್ಣಾ ನೋಡಕೋತ ಅಡ್ಡಾಡಿದ್ರಿ. ಅಂಜಿಕಿ ಅದ ಅಂತ ಒಂದ ಮಾತು ಹೇಳಿದ್ರ ನಾ ಏನ ಅಂತಿದ್ದೆ?"

ಮಾಸ್ತರರಿಗೆ ಆ ಮಾತು ನಾಟಿತು. ಚಹಾದಂಗಡಿಯ ಜನ ನಕ್ಕಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಲೈಸೆನ್ಸ್ ತೆಗೆದು ನೋಡಿದರೆ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಮಾರನೆಯ ದಿನವೇ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿದರು. ಅಲ್ಲಿ ಹೇಳಿದಂತೆ ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು, ಇಳಕಲ್ಲಿನ ಮಾಳಪ್ಪನ ಡ್ರೈವಿಂಗ್ ಶಾಲೆಗೆ ಹೆಸರು ಕೊಟ್ಟರು.

ಮಾಳಪ್ಪನ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಬ್ರೇಕು ಇತ್ತು. ಅದನ್ನು ನೋಡಿಯೇ ಮಾಸ್ತರರಿಗೆ ಅರ್ಧ ಧೈರ್ಯ ಬಂತು. ಕೃಷ್ಣಾಜಿ ಮಾವನ ಕಾರಿನ ಸ್ಟೇರಿಂಗನ್ನು ಮೈಬಲ ಹಾಕಿ ತಿರುಗಿಸಬೇಕಾಗಿತ್ತು. ಇದು ಬೆರಳಿಗೇ ತಿರುಗಿತು. ಆದರೆ ರಸ್ತೆ ಆಗಿನಂತಿರಲಿಲ್ಲ. ಎಡಕ್ಕೆ ಬೈಕು, ಬಲಕ್ಕೆ ಗ್ರಾನೈಟ್ ಹೇರಿದ ಲಾರಿ, ನಡುವೆ ಫೋನು ಕಿವಿಗಿಟ್ಟು ನಡೆಯುವ ಜನ.

ಒಂದು ಮುಂಜಾನೆ ಇಳಕಲ್ಲಿನ ಪೇಟೆ ಏರಿನಲ್ಲಿ ಗಾಡಿ ಗಕ್ಕನೆ ನಿಂತಿತು. ಹಿಂದೆ ಸಾಲುಗಟ್ಟಿ ಹಾರ್ನು. ಸೀರೆಯ ಗಂಟು ಹೊತ್ತು ಹೋಗುತ್ತಿದ್ದ ಹಳೆಯ ಶಿಷ್ಯನೊಬ್ಬ, "ನಮಸ್ಕಾರ್ರಿ ಸರ್!" ಎಂದು ಬೇರೆ ಕೂಗಿದ. ಮಾಸ್ತರರ ಕಿವಿ ಕೆಂಪಾದವು.

"ಹಾರ್ನ ಹೊಡಿಯಾವ್ರು ಹೊಡೀಲಿ ಸರ್," ಎಂದ ಮಾಳಪ್ಪ. "ಅವಸರ ಅವರಿಗೈತಿ, ನಮಗಿಲ್ಲ. ಹ್ಯಾಂಡ್‌ಬ್ರೇಕ್ ಎಳೀರಿ. ನ್ಯೂಟ್ರಲ್ ಮಾಡ್ರಿ. ಈಗ ಚಾಲೂ ಮಾಡ್ರಿ. ಹಾಂ, ಸಾವಕಾಶ ಕ್ಲಚ್ಚು ಬಿಡ್ರಿ."

ಗಾಡಿ ಏರು ಹತ್ತಿತು. ಮಾಸ್ತರರಿಗೆ ಆಶ್ಚರ್ಯವಾಯಿತು. ಯಾವುದಕ್ಕೆ ಇಷ್ಟು ತಿಂಗಳು ಅಂಜಿದ್ದರೋ ಅದು ಆಗಿಹೋಗಿತ್ತು. ಮಂದಿಯ ಮುಂದೆ ಗಾಡಿ ನಿಂತರೂ ಕೆಡುಕೇನೂ ಆಗಿರಲಿಲ್ಲ. ಶಿಷ್ಯ ಕೂಡ ಕೈಬೀಸಿ ತನ್ನ ದಾರಿ ಹಿಡಿದಿದ್ದ.

ಪರೀಕ್ಷೆ ಪಾಸಾಗಿ ಹೊಸ ಲೈಸೆನ್ಸ್ ಕೈಗೆ ಬಂದ ಮೇಲೆ ಕಾರಿನ ಹುಡುಕಾಟ ಮತ್ತೆ ಶುರುವಾಯಿತು. ಈ ಸಲ ಜೋಹರಾ ಮೊದಲೇ ಕೆಲವು ಮಾತು ಕೇಳಿದಳು.

"ಕಾರಿನಾಗ ದಿನಾ ಯಾರು ಕೂಡ್ತೀರಿ?"

"ನಾವಿಬ್ರ. ಒಮ್ಮೊಮ್ಮೆ ಲೀಲಕ್ಕ."

"ಹೋಗೂದು ಎಲ್ಲಿಗೆ?"

"ಬಾಗಲಕೋಟಿ, ಬಾದಾಮಿ. ಹುಣ್ಣಿಮಿ ಅಮಾಸಿಗೆ ಕೂಡಲಸಂಗಮ."

"ಅಂದ್ರ ನಿಮಗ ದೊಡ್ಡ ಗಾಡಿ ಯಾಕ ಬೇಕ್ರಿ? ಸಣ್ಣದು ಓಡಸಾಕೂ ಹಗುರ, ಎಣ್ಣಿನೂ ಕಡಿಮಿ ಕುಡೀತೈತಿ, ಓಣ್ಯಾಗೂ ತಿರಗ್ತೈತಿ. ಕೆಟ್ರ ಇಲ್ಲೇ ರಿಪೇರಿ ಆಗಬೇಕು, ಸಾಮಾನು ಸಿಗಬೇಕು. ಮತ್ತ ಕೈಯಾಗಿನ ರೊಕ್ಕ ಪೂರಾ ಕಾರಿಗೇ ಸುರೀಬ್ಯಾಡ್ರಿ. ವಿಮಾ, ಟೈರು, ಸರ್ವಿಸ್ ಅಂತ ಒಂದ ಪಾಲ ಬಾಜೂಕ ಇಡ್ರಿ."

ಶಾಲೆಯ ಸಹೋದ್ಯೋಗಿ ಸಂಗಯ್ಯನವರಿಗೆ ಇದು ಸರಿಬರಲಿಲ್ಲ. "ಇಷ್ಟ ವರ್ಷ ನೌಕರಿ ಮಾಡಿ ಆಟಗಿ ಸಾಮಾನಿನಂಥಾ ಕಾರ ತಗೋತೀರೇನ್ರಿ? ಮಂದಿ ಏನಂತಾರ? ಒಂದೀಟ ಸಾಲಾ ತಗೀರಿ, ದೊಡ್ಡದ ತರ್ರಿ."

"ಅದರಾಗ ಮಂದಿ ಕೂಡಂಗಿಲ್ಲ ಸಂಗಯ್ಯಾವ್ರ. ವರದಾ ಕೂಡ್ತಾಳ," ಎಂದರು ಮಾಸ್ತರರು.

ಹಾಗೆಂದು ಬಾಯಿಮಾತಿಗೆ ಬಿಡಲಿಲ್ಲ. ಎಲ್ಲಿ ಕಾರು ನೋಡಲು ಹೋದರೂ ಜೋಹರಾಳ ಗಾಡಿಯಲ್ಲಿ ವರದಾರನ್ನು ಕರೆದೊಯ್ದರು. ವರದಾ ಕೋಲು ಊರಿ ಬಾಗಿಲಿನ ಬಳಿ ನಿಲ್ಲುವರು, ಹಿಂದಾಗಿ ಸೀಟಿನ ಮೇಲೆ ಕೂಡುವರು, ಆಮೇಲೆ ಕಾಲು ಒಂದೊಂದೇ ಒಳಗೆ ತೆಗೆದುಕೊಳ್ಳುವರು. ಒಂದು ಗಾಡಿಯ ಸೀಟು ಎತ್ತರ, ಏರಲಾಗಲಿಲ್ಲ. ಇನ್ನೊಂದು ತೀರ ಕೆಳಗೆ. ಕುಳಿತವರು ಏಳಲಾರದೆ, "ಅಯ್ಯ, ಎತ್ರೋ ನನ್ನ!" ಎಂದು ನಗಾಡಿಬಿಟ್ಟರು. ಅವರು ಹಾಗೆ ಬಾಯ್ತುಂಬ ನಕ್ಕಿದ್ದನ್ನು ಮಾಸ್ತರರು ಎಷ್ಟೋ ದಿನಗಳ ಮೇಲೆ ಕೇಳಿದರು.

ಕೊನೆಗೆ ಇಳಕಲ್ಲಿನಲ್ಲಿ ನಿವೃತ್ತ ನರ್ಸ್ ಬೋರವ್ವನವರ ಸಣ್ಣ ಕಾರು ಸಿಕ್ಕಿತು. ಸಂಜೆಯಾದರೆ ಕಣ್ಣು ಮಂಜಾಗುತ್ತವೆಂದು ಅವರು ಓಡಿಸುವುದು ಬಿಟ್ಟಿದ್ದರು. ಸೀಟು ವರದಾರ ಸೊಂಟಕ್ಕೆ ಸರಿಯಾಗಿತ್ತು, ಕೂತು ಎದ್ದು ಮತ್ತೆ ಕೂತು ನೋಡಿದರು.

"ನಾವು ಬರೂತನಕ ಚಾಲೂ ಮಾಡಬ್ಯಾಡ್ರಿ" ಎಂದು ಜೋಹರಾ ಮೊದಲೇ ಹೇಳಿಟ್ಟಿದ್ದಳು. ಬಿಸಿಯಾದ ಇಂಜಿನ್ನು ತನ್ನ ಕಾಯಿಲೆ ಮುಚ್ಚಿಡುತ್ತದೆ, ತಣ್ಣಗಿದ್ದಾಗಲೇ ಚಾಲೂ ಮಾಡಿ ಸಪ್ಪಳ ಕೇಳಬೇಕು. ಅವಳು ಕರೆತಂದಿದ್ದ ಮೆಕ್ಯಾನಿಕ್ ಯುನೂಸ ಗಾಡಿಯ ಅಡಿಗೆ ತೂರಿ ನೋಡಿ ಬಂದ. "ಎಣ್ಣಿ ಸೋರೂದಿಲ್ಲ, ಬಡದಿದ್ದ ಗುರ್ತಿಲ್ಲ. ಮುಂದಿನ ಎರಡೂ ಟೈರು ಬದಲಿ ಮಾಡಬೇಕಾಗ್ತೈತಿ," ಎಂದ. "ರಿವರ್ಸ್ ಗೇರ್ ಜರಾ ಹಟಾ ಮಾಡ್ತೈತ್ರಿ," ಎಂದು ಬೋರವ್ವ ತಾವಾಗಿಯೇ ಹೇಳಿದರು. ಟೈರಿನ ಖರ್ಚು ಹಿಡಿದು ಬೆಲೆ ಇಳಿಸಲೂ ಒಪ್ಪಿದರು.

"ನಾ ಓಡಿಸಿ ನೋಡ್ತೇನ್ರಿ," ಎಂದರು ಮಾಸ್ತರರು, ಯಾರೂ ಹೇಳುವ ಮೊದಲೇ. ಯುನೂಸನನ್ನು ಪಕ್ಕಕ್ಕೆ ಕೂಡಿಸಿಕೊಂಡು ಪೇಟೆ ದಾಟಿ, ಹುನಗುಂದದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬಂದರು. ಬ್ರೇಕು ಒತ್ತಿ ನೋಡಿದರು. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದರು.

ಆಮೇಲೆ ಕಾಗದಪತ್ರ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿಲ್ಲ, ದಂಡ ಬಾಕಿ ಇಲ್ಲ ಎಂದು ಜೋಹರಾ ಖಚಿತ ಮಾಡಿಕೊಂಡಳು. ಆರ್‌ಸಿ ಮತ್ತು ವಿಮೆ ಎರಡನ್ನೂ ಮಾಸ್ತರರ ಹೆಸರಿಗೆ ಮಾಡಿಸಿದರು.

ಕಾರು ಬಂದ ಮೇಲೂ ಮಾಸ್ತರರು ಒಮ್ಮೆಲೇ ದೂರ ಹೋಗಲಿಲ್ಲ. ಮೊದಲು ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿದರು. ನಂತರ ಅಮೀನಗಡದವರೆಗೆ. ನಂತರ ವರದಾರ ತಪಾಸಣೆಗೆ ಬಾಗಲಕೋಟೆಗೆ. ಕತ್ತಲಾದ ಮೇಲೆ ಓಡಿಸುವುದನ್ನು ಸದ್ಯಕ್ಕೆ ಬೇಡವೆಂದು ಬಿಟ್ಟರು.

ಒಂದು ಭಾನುವಾರ ಗುಳೇದಗುಡ್ಡ ಹಾಯ್ದು ಬಾದಾಮಿ ಮುಟ್ಟಿದರು. ಲೀಲಾಬಾಯಿಯ ಓಣಿ ಇಕ್ಕಟ್ಟು. ಮಾಸ್ತರರು ಹಟ ಮಾಡಿ ಒಳಗೆ ನುಗ್ಗಿಸಲಿಲ್ಲ. ಅಗಲ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಈಚೆ ಬಂದು ಬಾಗಿಲು ತೆರೆದು ಹಿಡಿದರು. ವರದಾ ಕೋಲೂರಿ ಇಳಿದರು. ಸುದ್ದಿ ತಿಳಿದ ಲೀಲಾಬಾಯಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಓಣಿಯ ತುದಿಯವರೆಗೂ ಬಂದರು.

"ಯಾರ ಗಾಡ್ಯಾಗ ಬಂದ್ಯವಾ?"

"ನಮ್ಮ ಗಾಡ್ಯಾಗ," ಎಂದರು ವರದಾ. "ಇವರ ಓಡಿಸಿದ್ರು."

ಅಕ್ಕ ತಂಗಿಯ ಕೈ ಹಿಡಿದುಕೊಂಡರು. ಇಬ್ಬರೂ ನಿಧಾನಕ್ಕೆ ಓಣಿಯೊಳಗೆ ನಡೆದರು. ಹೇಳಿಕೊಳ್ಳಲು ಒಂದು ವರ್ಷದ ಮಾತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೀಗೆ ವರ್ಷಗಟ್ಟಲೆ ಸ್ಟೇರಿಂಗ್ ಮುಟ್ಟದವರು ಇರಬಹುದು. ಅದು ನೀವೇ ಇರಬಹುದು. ಕಾರು ಕೊಳ್ಳಲು ಹೊರಡುವ ಮೊದಲು ನಿಮ್ಮ ಲೈಸೆನ್ಸಿನ ತಾರೀಕು ನೋಡಿಕೊಳ್ಳಿ. ನಿಮ್ಮ ದಾರಿಗೆ, ನಿಮ್ಮ ಮನೆಯವರ ಮೈಗೆ, ನಿಮ್ಮ ಕೈಯಲ್ಲಿರುವ ಹಣಕ್ಕೆ ಒಗ್ಗುವ ಗಾಡಿಯನ್ನೇ ಹುಡುಕಿ. ಹಳೆಯದಾದರೆ ತಿಳಿದವರನ್ನು ಜೊತೆಗೆ ಕರೆದೊಯ್ಯಿರಿ. ಓಡಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ. ರೂಢಿ ತಪ್ಪಿದೆ ಅನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇವತ್ತೇ ನಿಮ್ಮೂರಿನ ಡ್ರೈವಿಂಗ್ ಶಾಲೆಗೆ ಹೋಗಿ, "ನನಗ ಮತ್ತೊಮ್ಮೆ ಕಲಿಸ್ರಿ" ಎಂದು ಕೇಳಿ.