ಹೌಲ್‌ದಿಲಿ

"ಅಂಗಿ ಒಳಗ ಏನೋ ಸಪ್ಪಳ ಆಗಾಕತ್ತೈತಲ್ಲ, ಏನದು?"

ಮುಂಡರಗಿ ದಾಟಿದ ಮೇಲಿನ ನಾಕೆಯಲ್ಲಿ ಗಡಿ ಕಾಯುವ ಸ್ವಯಂಸೇವಕ ಪುಂಡಲೀಕಪ್ಪ ಚಕ್ಕಡಿಗೆ ಬಡಿಗೆ ಅಡ್ಡ ಹಿಡಿದಿದ್ದ. ಒಳಗೆ ಕೂತಿದ್ದ ಶಿರಹಟ್ಟಿಯ ಮಾರ್ತಾಂಡ ಮಾಸ್ತರರು ಎದೆಯ ಮೇಲೆ ಕೈಯಿಟ್ಟುಕೊಂಡರು. ಅದೇ ತಪ್ಪಾಯಿತು. ನಲವತ್ತೆಂಟರ ಆ ಭಾದ್ರಪದದಲ್ಲಿ ಕೈ ಎಲ್ಲಿ ಹೋಗುತ್ತದೋ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು.

ಗಡಿಯಂಚಿನ ಹಳ್ಳಿಯಲ್ಲಿ ಅವರ ಮಗಳು ಕಮಲಾಬಾಯಿಗೆ ಒಂಬತ್ತು ತಿಂಗಳು. ಅದರ ಪಕ್ಕದ ಊರಿಗೆ ರಜಾಕಾರರು ಬೆಂಕಿಯಿಟ್ಟ ಖಬರು ಬಂದಂದಿನಿಂದ ಮಾಸ್ತರರ ಎದೆ ಹಾರುತ್ತಿತ್ತು. ಅವಳನ್ನು ಕರೆತರಲು ಹೊರಟಾಗ ನೆರೆಮನೆಯ ಮುದುಕಿ ರಸೂಲಬಿ ಕೊರಳಿಂದ ಕಲ್ಲೊಂದನ್ನು ಬಿಚ್ಚಿ ಕೊಟ್ಟಿದ್ದಳು. ಹಸಿರು ಕಲ್ಲು, ಕೆಂಪು ಚುಕ್ಕೆ, ಮೇಲೆ ಕೊರೆದ ಉರ್ದು ಅಕ್ಷರ.

"ಯಶಬ್ ಕಲ್ಲು ಐತ್ರಿ. ಕಟ್ಟಿಕೊಂಡ್ರ ಎದಿ ಹಾರೂದು ನಿಂದರತೈತಿ. ಅದಕ್ಕ ಹೌಲ್‌ದಿಲಿ ಅಂತಾರ."

ಯಶಬ್ ಎಂಬುದು ಯಶಸ್ಸಿನ ತದ್ಭವವೇ ಇರಬೇಕೆಂದು ಸಂಸ್ಕೃತ ಬಲ್ಲ ಮಾಸ್ತರರು ತಮ್ಮನ್ನು ತಾವೇ ಒಪ್ಪಿಸಿ, ಅದನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅಲ್ಲಿ ಮೊದಲೇ ಟ್ರಂಕಿನ ಕೀಲಿಕೈ ಇತ್ತು. ಎದೆ ಹಾರಿದಂತೆಲ್ಲ ಕಲ್ಲು ಅದಕ್ಕೆ ಬಡಿದು ಟಿಕ್‌ಟಿಕ್ ಎನ್ನುತ್ತಿತ್ತು.

ಪುಂಡಲೀಕಪ್ಪ ಕಲ್ಲನ್ನು ಹೊರಗೆಳೆದ. ಮುಖ ಬಿಗಿಯಿತು.

"ಜನಿವಾರಕ್ಕ ಉರ್ದು! ಯಾರ ಕಡ್ಯಾಂವಲೇ ನೀ? ಯಾರು ಕೊಟ್ರು ಇದನ್ನ?"

ರಸೂಲಬಿಯ ಹೆಸರು ಹೇಳಿದರೆ ಅವಳ ಗತಿ? ಕಲ್ಲಿನ ಹೆಸರನ್ನಾದರೂ ಹೇಳೋಣವೆಂದರೆ ಒಣಗಿದ ನಾಲಿಗೆಯಿಂದ ಅದೂ ತುಂಡುತುಂಡಾಗಿ ಬಂತು.

"ಹೌ... ಹೌ... ದಿಲಿ."

"ಹೌದು? ದಿಲ್ಲಿ?" ಪುಂಡಲೀಕಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಬಡಿಗೆ ಇಳಿಯಿತು, ಬಹುವಚನ ಬಂತು. "ದಿಲ್ಲಿಯವ್ರು ಕೊಟ್ಟ ಗುರುತು ಏನ್ರಿ ಇದು? ಮೊದಲ ಹೇಳಬಾರದೇನ್ರಿ!"

ಮಾಸ್ತರರು ಕಲ್ಲನ್ನು ಮತ್ತೆ ಅಂಗಿಯೊಳಗೆ ಸೇರಿಸಿಕೊಂಡರು. ತಪ್ಪು ಕೇಳಿಯೂ ತಿದ್ದದೆ ಬಿಟ್ಟದ್ದು ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಅದೇ ಮೊದಲು.

ಚಕ್ಕಡಿ ಹೊರಟರೂ ಪುಂಡಲೀಕಪ್ಪ ಗಾಲಿಯ ಪಕ್ಕದಲ್ಲೇ ನಡೆದು ಬಂದ. ದನಿ ಸಣ್ಣದಾಗಿತ್ತು.

"ಸಾಹೇಬ್ರ, ದಿಲ್ಲಿ ಫೌಜು ಯಾವಾಗ ಬರತೈತ್ರಿ? ನಮ್ಮವ್ವ ಗಡಿ ಆ ಕಡೀನ ಅದಾಳ."

ಬಡಿಗೆಯ ತುದಿ ನಡುಗುತ್ತಿತ್ತು. ಮಾಸ್ತರರು ಮುಂದಿನ ಖಾಲಿ ದಾರಿಯನ್ನು ನೋಡಿದರು.

"ಬರತೈತಪಾ. ಜಲ್ದಿ ಬರತೈತಿ."

ಬಡಿಗೆ ನಿಂತಿತು. ಅವನು ಅಲ್ಲೇ ನಿಂತು ಸೆಲ್ಯೂಟ್ ಹೊಡೆದ.

ಸಪ್ಪಳವಾಗಬಾರದೆಂದು ಎತ್ತುಗಳ ಗೆಜ್ಜೆಯನ್ನು ಊರಲ್ಲೇ ಬಿಚ್ಚಿಸಿ ಬಂದಿದ್ದರು. ಎರೆಹೊಲಗಳ ನಡುವೆ ಕಲ್ಲು ಬಡಿದ ಕೀಲಿಕೈಯೊಂದೇ ಟಿಕ್‌ಟಿಕ್ ಎನ್ನುತ್ತ ಸಾಗಿತು.