ಸುಣ್ಣ ಹಚ್ಚಿದ ಗಾಜು

ಅಂಜನಾ ಅಕ್ಕಾರ ಫೋನು ಬಂದಾಗ ನಾನು ಕಮಲಾಪುರದಲ್ಲಿ ಕರೀಂಸಾಬರ ಹೊಸ ಮನೆಯ ಮೆಟ್ಟಿಲಿಗೆ ರೇಲಿಂಗ್ ಕೂಡಿಸುತ್ತಿದ್ದೆ. ಬೆಳಿಗ್ಗೆ ಒಂಬತ್ತೂವರೆ.

"ಪರ್ವೇಜಣ್ಣ, ನೀವು ಹೇಳ್ದಂಗ ಗಾಜಿಗೆ ಸುಣ್ಣ ಹಚ್ಚಿಸೀವ್ರಿ. ಅಡುಗಿಮನಿ ತಣ್ಣಗಾಗ್ಯದ. ಕಲಸಿದ ಸುಣ್ಣ ಉಳೀತಂತ ಇಡೀ ಮಾಳಿಗಿಗೇ ಬಳಿಸಿಬಿಟ್ಟೀನಿ. ಈಗ ನೋಡ್ರಿ, ಎಲ್ಲಾ ಒಂದೇ ಬಿಳಿ!"

"ಛಲೋ ಆತ್ರಿ ಅಕ್ಕಾರ."

"ಅತ್ತಿನೂ ಬೀದರದಿಂದ ಬಂದಾರ. ಬಂದವರೇ ಸಂಡಿಗಿ ಹಿಟ್ಟು ಕುದಿಸು ಅನ್ನಾಕತ್ತಾರ."

ಫೋನಿಟ್ಟು ಎರಡು ಬೋಲ್ಟು ಬಿಗಿ ಮಾಡಿದೆ. ಮೂರನೆಯದಕ್ಕೆ ಪಾನಾ ಹಚ್ಚುವಾಗ ಕೈ ನಿಂತಿತು. ಎಲ್ಲಾ ಒಂದೇ ಬಿಳಿ.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ಅವರ ಮನೆಯ ಅಡುಗೆಮನೆಯನ್ನು ಹಿಂದಕ್ಕೆ ಬೆಳೆಸಿದಾಗ ಒಳಗೆಲ್ಲ ಕತ್ತಲಾಗಿತ್ತು. ಅದಕ್ಕೇ ಸ್ಲಾಬಿನಲ್ಲಿ ನಾಲ್ಕಡಿ ಅಗಲ, ಆರಡಿ ಉದ್ದದ ಜಾಗ ಬಿಟ್ಟು ಗಾಜು ಕೂಡಿಸಿದ್ದೆ. ಸುತ್ತಲೂ ಒಂಬತ್ತು ಇಂಚು ಕಟ್ಟೆ ಇರಬೇಕೆಂದು ನಕ್ಷೆಯಲ್ಲಿ ನಾನೇ ಬರೆದಿದ್ದೆ. ನೀರು ನಿಲ್ಲುತ್ತದೆ ಎಂದು ಗೌಂಡಿ ಬೇಡವೆಂದ. ಹೇಗೂ ರೇಲಿಂಗ್ ಬರುತ್ತದಲ್ಲ ಎಂದು ನಾನೂ ಸುಮ್ಮನಾದೆ. ಗಾಜು ಮಾಳಿಗೆಯ ಮಟ್ಟಕ್ಕೇ ಕೂತಿತು. ಆ ರೇಲಿಂಗ್ ಈಗ ನನ್ನ ಕೈಯಲ್ಲಿತ್ತು. ಶುಕ್ರವಾರ ಕರೀಂಸಾಬರ ಮನೆಯ ದಾವತ್ತು, ಅಕ್ಕಾರಿಗೆ ಮುಂದಿನ ವಾರ ಇನ್ನೊಂದು ಮಾಡಿಕೊಟ್ಟರಾಯಿತು ಎಂದು ಇಲ್ಲಿಗೆ ಹೊತ್ತು ತಂದಿದ್ದೆ.

ಗಾಜೂ ಒಂದೇ ಪದರಿನದು. ಎರಡು ಪದರಿನದು ಬರಲು ಹದಿನೈದು ದಿನ ಬೇಕೆಂದಿದ್ದರು, ನಾನು ಕಾಯಲಿಲ್ಲ. ಮಳೆಯ ಭಾರ, ಗಾಳಿಯ ಭಾರ ಲೆಕ್ಕ ಹಾಕಿದ್ದೆ. ಹಗಲು ವೆಲ್ಡಿಂಗ್ ಮಾಡಿ ಸಂಜೆ ಡಿಪ್ಲೊಮಾ ಕ್ಲಾಸಿಗೆ ಹೋಗುತ್ತಿದ್ದ ದಿನಗಳಲ್ಲಿ ಸರ್ ಹೇಳಿದ್ದರು: ಮಾಳಿಗೆಯ ಭಾರದಲ್ಲಿ ಅದನ್ನು ಗುಡಿಸಲು ಹತ್ತುವವನ ಭಾರವೂ ಸೇರುತ್ತದೆ. ಅದನ್ನು ಬರೆದುಕೊಂಡು ಕೆಳಗೆ ಗೆರೆ ಸಹ ಎಳೆದಿದ್ದೆ. ಈ ಗಾಜಿನ ಲೆಕ್ಕಕ್ಕೆ ಮಾತ್ರ ಅದನ್ನು ಸೇರಿಸಿರಲಿಲ್ಲ.

ಬೇಸಿಗೆ ಬಂದರೆ ನಮ್ಮ ಕಡೆ ಎಲ್ಲರೂ ಮಾಳಿಗೆಗೆ ಸುಣ್ಣ ಬಳಿಯುತ್ತಾರೆ. ಗಾಜಿನಿಂದ ಶೆಕೆ ಎಂದು ಅಕ್ಕಾರು ಅಂದಾಗ ಆ ಮಾತು ತಾನಾಗಿಯೇ ನನ್ನ ಬಾಯಿಗೆ ಬಂದಿತ್ತು. ಅಕ್ಕಾರ ಅತ್ತೆ ನೀಲಗಂಗಮ್ಮ ಎರಡು ತಿಂಗಳಿಂದ ಮಗಳ ಮನೆಯಲ್ಲಿದ್ದರು. ಗಾಜು ಎಲ್ಲಿದೆ ಎಂಬುದನ್ನು ಅವರು ನೋಡೇ ಇಲ್ಲ. ಸಂಡಿಗೆ ಹಾಕುವವರು ಅವರೇ.

ಮರಳಿ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಫೋನು ಪಡಸಾಲೆಯಲ್ಲಿ ಚಾರ್ಜಿಗಿರುತ್ತದೆ, ಅವರು ಒಲೆಯ ಮುಂದಿರುತ್ತಾರೆ.

"ಎಲ್ಲಿಗಿ ಹೊಂಟಿ?" ಎಂದು ಕರೀಂಸಾಬರು ಹಿಂದಿನಿಂದ ಕೂಗಿದರು. "ಅರ್ಧಾ ಕೂಡ್ಸಿ ಬಿಟ್ಟೆಲ್ಲೋ!"

ಬೈಕು ಹತ್ತಿದೆ.

ಮೂವತ್ತೈದು ಕಿಲೋಮೀಟರು. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಫೋನು ಮಾಡಿದೆ. ನಿಂತರೆ ಹೊತ್ತು ಹೋಗುತ್ತದೆ, ನಿಲ್ಲದಿದ್ದರೆ ಅವರು ಎತ್ತಿಬಿಡಬಹುದಾಗಿದ್ದ ಫೋನು ತಪ್ಪುತ್ತದೆ. ಎರಡೂ ತಪ್ಪೇ ಅನಿಸುತ್ತಿತ್ತು. ಹಿಟ್ಟು ಕುದಿಯಲು ಎಷ್ಟು ಹೊತ್ತು ಬೇಕು? ನಮ್ಮ ಅಮ್ಮಿ ಕುದಿಸುವುದನ್ನು ಎಷ್ಟು ಸಲ ನೋಡಿದ್ದರೂ ನೆನಪಾಗಲಿಲ್ಲ.

ಬಾಗಿಲು ತೆರೆದಿತ್ತು. ಒಳಗೆ ಓಡಿದೆ. ಅಂಜನಾ ಅಕ್ಕಾರು ಒಲೆಯ ಮುಂದೆ ನಿಂತು ಹಿಟ್ಟು ತಿರುವುತ್ತಿದ್ದರು. ತಲೆಯ ಮೇಲಿನ ಗಾಜು ಹಾಲಿನಂತೆ ಬೆಳಗುತ್ತಿತ್ತು. ಅದರಲ್ಲಿ ಒಂದು ನೆರಳೂ ಇರಲಿಲ್ಲ. ಉಸಿರು ಬಿಟ್ಟೆ.

ಆಗ ಗಾಜಿನ ತುದಿಯಲ್ಲಿ ಒಂದು ಪಾದ ಮೂಡಿತು. ಅದರ ಹಿಂದೆ ಇನ್ನೊಂದು. ಹಿಮ್ಮಡಿ, ಬೆರಳು ಎಲ್ಲ ಬೇರೆಬೇರೆ ಕಾಣುವಷ್ಟು ಸ್ಪಷ್ಟ. ಬಗಲಿಗೆ ಬಕೀಟಿನ ದುಂಡನೆಯ ನೆರಳು ಬಂದು ಕೂತಿತು.

"ಅಕ್ಕಾರ, ಹೊರಗ ಬರ್ರಿ."

"ಹಿಟ್ಟು ತಳ ಹತ್ತತದ ಪರ್ವೇಜಣ್ಣ..."

ಕೈ ಹಿಡಿದು ಎಳೆದೆ. ಬಾಗಿಲಾಚೆ ನಿಂತು ಅವರು ಮೇಲೆ ನೋಡಿದರು.

"ನೀವೇ ಅಂದಿದ್ರೆಲ್ಲ, ಆನಿ ನಿಂತ್ರೂ ಏನೂ ಆಗಂಗಿಲ್ಲಂತ?"

ಅಂದಿದ್ದೆ. ಅಂಗಡಿಯವನು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದ್ದೆ.

"ಕೂಗಬ್ಯಾಡ್ರಿ. ಗಾಜಿನ ಕೆಳಗ ಹೋಗಿ ನಿಲ್ಲಬ್ಯಾಡ್ರಿ."

ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದೆ. ಮಾಳಿಗೆ ಕಣ್ಣಿಗೆ ಚುಚ್ಚುವಷ್ಟು ಬಿಳಿಯಾಗಿತ್ತು. ನಡುವೆ ನೀಲಗಂಗಮ್ಮ ಬಗ್ಗಿ ಹಸಿ ಸೀರೆ ಹಾಸುತ್ತಿದ್ದರು. ಗಾಜು ಎಲ್ಲಿ ಮುಗಿಯುತ್ತದೆಂದು ಕೂಡಿಸಿದ ನನಗೇ ಕಾಣಲಿಲ್ಲ. ಪ್ಯಾರಾಪೆಟ್ಟಿಗೆ ಹಿಮ್ಮಡಿ ಹಚ್ಚಿ, ಅಲ್ಲಿಂದ ಗಾಜಿನ ಅಂಚಿಗೆ ನಕ್ಷೆಯಲ್ಲಿದ್ದ ಹನ್ನೊಂದಡಿಯನ್ನು ಪಾದಕ್ಕೆ ಪಾದ ಇಟ್ಟು ಅಳೆದೆ. ಹತ್ತಕ್ಕೆ ನಿಂತೆ.

"ಆಯಿ," ಎಂದೆ ಮೆಲ್ಲಗೆ.

"ಯಾರಪಾ? ವೆಲ್ಡಿಂಗ್ ಪರ್ವೇಜೇನು? ಛಲೋ ಆತು ಬಂದಿ, ಆ ಸೆರಗ ಹಿಡಿ."

ಸೆರಗು ಹಿಡಿದೆ. "ಈ ಕಡಿ ಹಾಸಮು ಆಯಿ. ಇಲ್ಲಿ ಬಿಸಲು ಛಲೋ ಅದ."

"ಹುಚ್ಚಾ, ಕಲಬುರಗ್ಯಾಗ ಬಿಸಲಿಗಿ ಆ ಕಡಿ ಈ ಕಡಿ ಅದ ಏನೋ?" ಅವರು ನಕ್ಕರು. ನಗುವಾಗ ಮೈ ಅಲುಗಿತು. ಅವರ ಕಾಲ ಕೆಳಗೆ ಗಾಜು ಟಿಕ್ ಎಂದಿತು. ಅವರಿಗೆ ಕೇಳಿಸಲಿಲ್ಲ.

"ನನ್ನ ಮಾತಿಗರೇ ಬರ್ರಿ. ಬಕೀಟು ಅಲ್ಲೇ ಇರಲಿ. ಸಾವಕಾಶ."

"ನಮ್ಮ ಸೊಸಿಗಿಂತ ನಿಂದೇ ಕಾರಭಾರ ಜಾಸ್ತಿ ಆತು," ಎನ್ನುತ್ತ ಸೀರೆಯ ಇನ್ನೊಂದು ತುದಿ ಹಿಡಿದು ಬಂದರು. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಅವರ ರಟ್ಟೆ ನನ್ನ ಕೈಗೆ ಸಿಕ್ಕಿತು. ಹಿಡಿದು ಈಚೆಗೆ ಎಳೆದುಕೊಂಡೆ.

"ಏನಾಗ್ಯದೋ ನಿನಗ?"

"ನೀವು ನಿಂತಲ್ಲಿ ಸ್ಲಾಬಿಲ್ರಿ ಆಯಿ. ಗಾಜದ. ರೇಲಿಂಗ್ ಹಾಕದೇ ಬಿಟ್ಟವ ನಾನೇ, ಸುಣ್ಣ ಹಚ್ಚರಿ ಅಂದವನೂ ನಾನೇ."

"ಚಾಷ್ಟಿ ಮಾಡಬ್ಯಾಡ."

ಬೋರಲು ಮಲಗಿ, ಸೀರೆಯ ಹಸಿ ಚುಂಗಿನಿಂದ ಅಂಗೈಯಷ್ಟು ಜಾಗ ಉಜ್ಜಿದೆ. ಗಾಜು ಹಂಚಿನಂತೆ ಕಾದಿತ್ತು. ಬಿಳಿ ಕರಗಿತು. ಬಹಳ ಕೆಳಗೆ ಒಲೆಯ ನೀಲಿ ಉರಿ ಕಂಡಿತು, ಅದರ ಮೇಲೆ ಯಾರೂ ತಿರುವದ ಹಿಟ್ಟಿನ ಬೋಗುಣಿ.

ನೀಲಗಂಗಮ್ಮ ಬಗ್ಗಿ ನೋಡಿದರು. ಕಾದ ಮಾಳಿಗೆಯ ಮೇಲೆಯೇ ಕುಸಿದು ಕೂತರು. ಒಂದು ಕೈ ಬಂದು ನನ್ನ ಅಂಗಿಯ ಕಾಲರನ್ನು ಹಿಡಿಯಿತು.

ಮಲಗಿದಲ್ಲಿಂದಲೇ ಕರೀಂಸಾಬರಿಗೆ ಫೋನು ಮಾಡಿದೆ. "ಆ ರೇಲಿಂಗ್ ಬಿಚ್ಚಿ ಗಾಡಿಗಿ ಹಾಕಿ ಕಳಸ್ರಿ. ಇವತ್ತೇ."

"ಶುಕ್ರವಾರ ಮಂದಿ ಬರೋರಿದ್ದಾರ, ತಲಿ ಕೆಟ್ಟದೇನು?"

"ಬಿಚ್ಚರಿ ಸಾಬ್. ಅದು ನಿಮ್ದಲ್ಲ."

ಕೆಳಗಿನಿಂದ ಹಿಟ್ಟು ಹೊತ್ತಿದ ವಾಸನೆ ಏರಿ ಬರುತ್ತಿತ್ತು. ನೀಲಗಂಗಮ್ಮ ಕಾಲರು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.